ಮಸಿ ಹಚ್ಚದ ಗರಿಗಳು

ವರದಾ ನದಿಯ ದಂಡೆಯಲ್ಲಿ ಒಂದು ಸಣ್ಣ ಮಠ. ಅಲ್ಲಿ ಗಂಟೆ ಜಾಗಟೆಗಳ ಸದ್ದು ಕಡಿಮೆ; ತಾಳೆಗರಿಯ ಮೇಲೆ ಕಂಠವೆಂಬ ಕಬ್ಬಿಣದ ಬರೆಯುವ ಕಡ್ಡಿ ಗೀರುವ ಸದ್ದೇ ಹೆಚ್ಚು.

ಮಠದ ಹಿರಿಯರು ಮರುಳಯ್ಯನವರು. ಊರವರಿಗೂ ಶಿಷ್ಯರಿಗೂ ಅವರು ಅಜ್ಜಾರು. ಹಳೆಯ ಗರಿಗಳು ಹುಳ ಹಿಡಿದು ಪುಡಿಯಾಗುವ ಮೊದಲು ಅವುಗಳಲ್ಲಿದ್ದದ್ದನ್ನು ಹೊಸ ಗರಿಗೆ ಇಳಿಸುವುದು ಅವರ ಕೆಲಸ. ಅದನ್ನು ಕಲಿಯಲು ಬಂದವರಲ್ಲಿ ಗುರುಶಾಂತನೂ ಒಬ್ಬ.

ಗುರುಶಾಂತ ಜಾಣ. ಇದು ಅವನ ಮಾತಲ್ಲ, ಅವನ ಊರಿನವರ ಮಾತು. ಒಮ್ಮೆ ಕೇಳಿದ್ದನ್ನು ಮರೆಯದವನು ಎಂದು ಎಲ್ಲರ ಬಾಯಲ್ಲೂ ಕೇಳಿಸಿಕೊಂಡೇ ಬೆಳೆದವನು.

ಇಪ್ಪತ್ತಾರು ವರ್ಷ ಹೀಗೆ ಹೊಗಳಿಸಿಕೊಂಡರೆ ಯಾರ ತಲೆಯಾದರೂ ತಿರುಗಬೇಕು. ಅವನ ತಲೆ ತಿರುಗಿರಲಿಲ್ಲ, ಪಾಪ, ಹೆದರಿಕೊಂಡಿತ್ತು. ಒಂದೇ ಒಂದು ತಪ್ಪು ಸಿಕ್ಕಿಬಿದ್ದರೂ ಇಷ್ಟು ದಿನದ ಜಾಣತನವೆಲ್ಲ ಸುಳ್ಳಾಗಿಬಿಡುತ್ತದೆ ಎಂದು ಅವನು ನಂಬಿದ್ದ.

ಗರಿಯ ಮೇಲೆ ಬರೆಯುವುದರಲ್ಲಿ ಒಂದು ವಿಚಿತ್ರವಿದೆ. ಕಂಠದಿಂದ ಗೀರಿದ ಅಕ್ಷರ ಬರೆದ ಕೂಡಲೇ ಕಾಣುವುದಿಲ್ಲ. ದೀಪದ ಕಾಡಿಗೆಯನ್ನು ಎಣ್ಣೆಯಲ್ಲಿ ಕಲಸಿ, ಗರಿಯ ತುಂಬ ಸವರಿ, ಬಟ್ಟೆಯಿಂದ ಒರೆಸಬೇಕು. ಗೀರಿನೊಳಗೆ ಮಸಿ ನಿಲ್ಲುತ್ತದೆ, ಉಳಿದದ್ದು ಬಟ್ಟೆಗೆ ಬರುತ್ತದೆ. ಆಗ ಬರೆದದ್ದೆಲ್ಲ ಕಾಣುತ್ತದೆ, ತಪ್ಪು ಬರೆದದ್ದೂ ಸೇರಿ.

ಮಠದಲ್ಲಿ ಸೋಮವಾರ ಮಸಿಯ ದಿನ. ವಾರವಿಡೀ ಬರೆದ ಗರಿಗಳಿಗೆ ಅಂದು ಎಲ್ಲರೂ ಮಸಿ ಹಚ್ಚಬೇಕು. ಆಮೇಲೆ ಅಜ್ಜಾರ ಮುಂದೆ ನೆಲದ ಮೇಲೆ ಕೂತು ಮೂಲದ ಜೊತೆ ಹೋಲಿಸಿ ಓದಬೇಕು. ತಪ್ಪು ಸಿಕ್ಕರೆ ಆ ಅಕ್ಷರದ ನೆತ್ತಿಯ ಮೇಲೊಂದು ಚುಕ್ಕೆ ಇಟ್ಟು, ಪಕ್ಕದಲ್ಲಿ ಸರಿಯಾದದ್ದನ್ನು ಸಣ್ಣದಾಗಿ ಬರೆಯುವುದು ಪದ್ಧತಿ.

ಆ ಚುಕ್ಕೆಗೆ ಅಜ್ಜಾರು ದೃಷ್ಟಿಬೊಟ್ಟು ಎನ್ನುತ್ತಿದ್ದರು.

"ಇಡು, ಇಡು ಬೊಟ್ಟು. ಇಷ್ಟು ಚಂದ ಬರ್ದೀ, ಯಾರದರ ದೃಷ್ಟಿ ಆದೀತು."

ಉಳಿದ ಶಿಷ್ಯರು ನಕ್ಕು ಬೊಟ್ಟು ಇಡುತ್ತಿದ್ದರು. ಗುರುಶಾಂತನಿಗೆ ಮಾತ್ರ ಆ ನಗು ಎಂದೂ ಬರಲಿಲ್ಲ.

ಆ ವರ್ಷ ಬೇಸಿಗೆಯಲ್ಲಿ ಹೊಳೆಯಾಚೆಯ ಊರಿನಿಂದ ನೀಲವ್ವ ಬಂದಳು. ನಲವತ್ತು ವರ್ಷದಿಂದ ಸುತ್ತಿನ ಹಳ್ಳಿಗಳಲ್ಲಿ ಹೆರಿಗೆ ಮಾಡಿಸುವ ಸೂಲಗಿತ್ತಿ.

"ಅಜ್ಜಾರ, ನನಗ ವಯಸ್ಸಾತ್ರಿ," ಎಂದಳು. "ನನ್ನ ಸೊಸಿಗೆ ಓದಾಕ ಬರ್ತೈತಿ, ಕೈಯಾಗ ಕಸಬಿಲ್ಲ. ನನ್ನ ಕೈಯಾಗ ಕಸಬೈತಿ, ಬರ್ಯಾಕ ಬರೂದಿಲ್ಲ. ನಾ ಹ್ವಾದಮ್ಯಾಲ ಆಕಿ ಯಾರನ್ನ ಕೇಳ್ಬೇಕು?"

ಮಠದಲ್ಲಿ ಬಾಣಂತನದ ಮದ್ದು, ಪಥ್ಯಗಳ ಹಳೆಯ ಕಟ್ಟೊಂದಿತ್ತು. ನಲವತ್ತು ಗರಿ. ಅಜ್ಜಾರು ಅದನ್ನು ತೆಗೆದು ಗುರುಶಾಂತನ ಕೈಯಲ್ಲಿಟ್ಟರು.

"ಹೊಳಿ ತುಂಬೂದರೊಳಗ ಬರ್ದು ಕೊಡು ತಮ್ಮಾ."

ಇದು ಗುರುಶಾಂತನ ಮೊದಲ ಇಡೀ ಕಟ್ಟು. ಒಂದು ಕಟ್ಟು ಮುಗಿಸಿದವರೇ ಮಠದಲ್ಲಿ ಉಳಿಯುತ್ತಿದ್ದರು. ಮುಗಿಸಲಾರದವರನ್ನು ಯಾರೂ ಹೊರಗೆ ಹಾಕುತ್ತಿರಲಿಲ್ಲ. ಅವರೇ ಒಂದು ದಿನ ಗಂಟು ಕಟ್ಟಿಕೊಂಡು ಹೋಗುತ್ತಿದ್ದರು. ಗುರುಶಾಂತನಿಗೆ ಇಲ್ಲೇ ಉಳಿಯುವ ಆಸೆ. ಈ ಹೊಳೆ, ಈ ಗರಿ, ಈ ಅಜ್ಜಾರು ಬಿಟ್ಟು ಬೇರೆ ಏನೂ ಅವನಿಗೆ ಬೇಕಿರಲಿಲ್ಲ.

ಬರೆಯಲು ಕೂತ.

ಮೊದಲ ಸೋಮವಾರ ಬಂತು.

"ಮಸಿ ಹಚ್ಚೀದೇನಪಾ?" ಎಂದರು ಅಜ್ಜಾರು.

"ಗರಿ ಇನ್ನೂ ಹಸಿ ಅದಾವ್ರಿ."

ಎರಡನೆಯ ಸೋಮವಾರ.

"ಕಾಡಿಗಿ ಸಾಲೂದಿಲ್ರಿ."

ಅಂದು ಮಧ್ಯಾಹ್ನವೇ ಅಜ್ಜಾರು ಒಂದು ಬಟ್ಟಲು ತುಂಬ ಕಾಡಿಗೆ ತಂದು ಅವನ ಪಕ್ಕದಲ್ಲಿಟ್ಟು ಹೋದರು.

ಮೂರನೆಯ ಸೋಮವಾರ.

"ಎಲ್ಲಾ ಮುಗಿಸಿ ಒಮ್ಮೆಲೇ ಹಚ್ತೀನ್ರಿ. ನಲವತ್ತೂ ಗರಿ ಒಂದ ಬಣ್ಣ ಬರ್ತಾವ."

"ಹೌದು, ಹೌದು," ಎಂದರು ಅಜ್ಜಾರು. "ಬಣ್ಣ ಒಂದ ಬರ್ಬೇಕು ನೋಡು."

ನಿಜ ಬೇರೆ ಇತ್ತು. ಮೊದಲ ವಾರವೇ ಆರನೆಯ ಗರಿ ಬರೆಯುವಾಗ ಏನೋ ಜಾರಿದಂತಾಗಿ ಗುರುಶಾಂತ ಅದನ್ನು ಬೆಳಕಿಗೆ ಹಿಡಿದು ನೋಡಿದ್ದ. ಅಕ್ಷರ ಕಂಡೂ ಕಾಣದಂತಿತ್ತು. ಮಸಿ ಹಚ್ಚಿದ್ದರೆ ಗೊತ್ತಾಗುತ್ತಿತ್ತು. ಹಚ್ಚದೆ ಆ ಗರಿಯನ್ನು ಉಳಿದವುಗಳ ಕೆಳಗೆ ಸೇರಿಸಿಟ್ಟ.

ಆಮೇಲೆ ಬೆಳಕಿಗೆ ಹಿಡಿದು ನೋಡುವುದನ್ನೂ ಬಿಟ್ಟ.

ನಲವತ್ತು ಗರಿ ಮುಗಿದ ಮರುದಿನ ಬೆಳಿಗ್ಗೆ ನೀಲವ್ವ ಮಠದ ಮೆಟ್ಟಿಲು ಹತ್ತಿ ಬಂದಳು. ಹೇಳಿದ್ದಕ್ಕಿಂತ ಹತ್ತು ದಿನ ಮುಂಚೆ.

"ಮ್ಯಾಲ ಮಳಿ ಹಿಡದೈತ್ರಿ ಅಜ್ಜಾರ. ನಾಡಿದ್ದರಿಂದ ದೋಣಿ ಹಾಕೂದಿಲ್ಲ ಅಂತಾನ ಅಂಬಿಗ. ಕಟ್ಟು ಆಗೈತೇನ್ರಿ?"

ಅಜ್ಜಾರು ಗುರುಶಾಂತನ ಕಡೆ ನೋಡಿದರು. ಅವನು ಒಳಗೆ ಹೋಗಿ ಕಟ್ಟು ತಂದು ತಲೆ ತಗ್ಗಿಸಿ ಅವಳ ಮುಂದಿಟ್ಟ.

ನೀಲವ್ವ ದಾರ ಬಿಚ್ಚಿದಳು. ಒಂದು ಗರಿ ತಿರುವಿದಳು. ಇನ್ನೊಂದು. ಮತ್ತೊಂದು. ಓದಲು ಬಾರದಿದ್ದರೂ ಬರೆದ ಗರಿ ಹೇಗಿರುತ್ತದೆ ಎಂದು ಅವಳಿಗೆ ಗೊತ್ತಿತ್ತು.

"ಯಪ್ಪಾ, ಇದರಾಗ ಏನೂ ಇಲ್ಲಲ್ಲೋ!"

"ಬರ್ದೀನಬೇ," ಎಂದ ಗುರುಶಾಂತ. "ಮಸಿ ಹಚ್ಚಿಲ್ಲ, ಅಷ್ಟ."

ಅಜ್ಜಾರು ಕಟ್ಟನ್ನು ಎತ್ತಿಕೊಂಡರು. ಗರಿಗಳನ್ನು ಸಮ ಮಾಡಿ, ಹಲಗೆ ಇಟ್ಟು, ನಿಧಾನವಾಗಿ ದಾರ ಸುತ್ತಿ ನೀಲವ್ವನ ಮಡಿಲಲ್ಲಿಟ್ಟರು.

"ಒಯ್ಯಿ ನೀಲವ್ವಾ. ಇಂಥಾ ಕಟ್ಟು ನಮ್ಮ ಮಠದಾಗ ಹಿಂದ ಯಾರೂ ಬರ್ದಿಲ್ಲ. ಎಷ್ಟ ಹುಡುಕಿದ್ರೂ ಒಂದ ತಪ್ಪು ಸಿಗೂದಿಲ್ಲ."

"ಮದ್ದೂ ಸಿಗೂದಿಲ್ಲಲ್ರೀ ಅಜ್ಜಾರ!" ನೀಲವ್ವನಿಗೆ ಸಿಟ್ಟೇ ಬಂತು. "ಇದನ್ನ ತಗೊಂಡ ನನ್ನ ಸೊಸಿ ಒಲಿಗೆ ಹಾಕ್ಬೇಕೇನು?"

ಅಜ್ಜಾರು ಹೊಳೆಯ ಕಡೆ ನೋಡುತ್ತ ಕೂತರು.

ಗುರುಶಾಂತನ ಕಿವಿ ಕೆಂಪಾಗಿತ್ತು. ಒಳಗೆ ಹೋಗಿ ಕಾಡಿಗೆಯ ಬಟ್ಟಲು, ಎಣ್ಣೆ, ಬಟ್ಟೆಯ ತುಂಡು ಹಿಡಿದುಕೊಂಡು ಬಂದ.

ಮೂವರೂ ಜಗಲಿಯಲ್ಲಿ ಕೂತರು. ಅವನು ಮಸಿ ಹಚ್ಚಿ ಒರೆಸಿ ಓದುವುದು, ಅಜ್ಜಾರು ಹಳೆಯ ಗರಿ ಹಿಡಿದು ಹೋಲಿಸುವುದು, ನೀಲವ್ವ ಗೋಡೆಗೆ ಒರಗಿ ಕೇಳುವುದು.

ಮೊದಲ ಐದು ಗರಿಗಳಲ್ಲಿ ಒಂದೂ ತಪ್ಪಿರಲಿಲ್ಲ. ಅಕ್ಷರ ದುಂಡಗೆ, ಸಾಲು ನೆಟ್ಟಗೆ. ಗುರುಶಾಂತನ ಉಸಿರು ಹಗುರಾಯಿತು.

ಆರನೆಯ ಗರಿ.

"ಬೇರನ್ನು ಅರೆದು, ಅಡಿಕೆ ಗಾತ್ರದ ಗುಳಿಗೆ ಮಾಡಿ…" ಎಂದು ಓದಿದ.

"ಕಡಲೆ ಗಾತ್ರ," ಎಂದರು ಅಜ್ಜಾರು, ಹಳೆಯ ಗರಿ ನೋಡುತ್ತ.

"ಅಡಿಕಿ ಗಾತ್ರಾ?" ನೀಲವ್ವ ಗಟ್ಟಿಯಾಗಿ ನಕ್ಕಳು. "ಅದನ್ನೇನು ಎತ್ತಿಗೆ ತಿನ್ಸೂದೇನ?" ಮರುಕ್ಷಣ ಅವಳ ನಗು ನಿಂತಿತು. "ನನ್ನ ಸೊಸಿ ಬರ್ದದ್ದನ್ನ ಬರ್ದಂಗ ಕೊಡಾಕಿ ಅದಾಳೋ ತಮ್ಮಾ."

ಗುರುಶಾಂತ ಆ ಗರಿಯನ್ನು ಬೇರೆ ಇಟ್ಟ. ಮುಂದಿನ ಗರಿಗೆ ಮಸಿ ಹಚ್ಚಿದ. ಒಂಬತ್ತನೆಯದರಲ್ಲಿ ಇನ್ನೊಂದು ಸಿಕ್ಕಿತು. ಹದಿನಾಲ್ಕನೆಯದರಲ್ಲಿ ಮತ್ತೊಂದು. ಬೆಳಗಿನಿಂದ ಕೂತವರು ಮೂವತ್ತೈದನೆಯ ಗರಿ ಮುಗಿಸುವಷ್ಟರಲ್ಲಿ ತಪ್ಪಿದ ಗರಿಗಳು ಏಳಾದವು.

ಅವನು ಬಟ್ಟೆ ಕೆಳಗಿಟ್ಟ.

"ಸಾಕ್ರಿ ಅಜ್ಜಾರ. ನಾ ಊರಿಗೆ ಹೋಗ್ತೀನಿ."

"ಯಾಕಪಾ?"

"ಇದು ನನ್ನ ಕೈಲಿ ಆಗೂದಲ್ರಿ. ಊರಾಗ ಸುಮ್ನ ಜಾಣ ಜಾಣ ಅಂದ್ರು. ನಾ ದಡ್ಡ ಅದೀನಿ."

"ನಿನ್ನಿ ತನಕ ಜಾಣ ಇದ್ದಿ, ಅದಕ್ಕ ಮಸಿ ಹಚ್ಚಲಿಲ್ಲ," ಎಂದರು ಅಜ್ಜಾರು. "ಇವತ್ತ ದಡ್ಡ ಆದಿ, ಅದಕ್ಕ ಊರಿಗೆ ಹೊಂಟಿ. ಹಂಗಾರ ಗರಿ ಯಾರು ಬರೀಬೇಕು, ನೀನ ಹೇಳು."

ಗುರುಶಾಂತನಿಗೆ ಅಳು ಬಂತು. ಇಪ್ಪತ್ತಾರು ವರ್ಷದ ಗಂಡಸು ಸಣ್ಣ ಮಗುವಿನ ಹಾಗೆ ಬಿಕ್ಕಿದ.

ಅಜ್ಜಾರು ಹತ್ತಿರ ಸರಿದು ಎರಡೂ ಕೈಯಿಂದ ಅವನ ಕೆನ್ನೆ ಒರೆಸಿದರು. ಹೊಸ ಗರಿ ಮುಟ್ಟಿ ಮುಟ್ಟಿ ಅವರ ಕೈಗೂ ಮಸಿ ಹತ್ತಿತ್ತು. ಒರೆಸಿದಷ್ಟೂ ಅವನ ಮುಖ ಕಪ್ಪಾಯಿತು.

ನೀಲವ್ವ ಸೆರಗು ಬಾಯಿಗೆ ಇಟ್ಟುಕೊಂಡಳು.

"ನೋಡಲ್ಲಿ, ನಿನಗೂ ಬೊಟ್ಟು ಬಿತ್ತು," ಎಂದರು ಅಜ್ಜಾರು. "ಇನ್ನ ಯಾರ ದೃಷ್ಟೀನೂ ತಾಗೂದಿಲ್ಲ."

ಅಳುವಿನ ನಡುವೆಯೇ ಗುರುಶಾಂತನಿಗೆ ನಗು ಬಂದುಬಿಟ್ಟಿತು. ಆ ಗಳಿಗೆಯಲ್ಲಿ ಅವನಿಗೆ ಅಜ್ಜಾರ ಮೇಲೆ ಎಷ್ಟು ಪ್ರೀತಿ ಉಕ್ಕಿತೆಂದರೆ, ಊರಿಗೆ ಹೋಗುವ ಮಾತನ್ನು ಮತ್ತೆ ಆಡಲಿಲ್ಲ.

"ಈಗ ಆ ಏಳೂ ಗರೀನ ಬಾಜೂಕ ಬಾಜೂಕ ಇಡು," ಎಂದರು ಅವರು.

ಇಟ್ಟ.

"ನೋಡು."

ನೋಡಿದ. ಮೊದಲು ತಪ್ಪುಗಳಷ್ಟೇ ಕಂಡವು. ನೋಡುತ್ತ ನೋಡುತ್ತ ಅವನ ಹುಬ್ಬು ಗಂಟಾಯಿತು. ಬಗ್ಗಿದ. ಬೆರಳಿಟ್ಟು ಒಂದೊಂದೇ ಗರಿಯನ್ನು ಅಳೆದ.

ಪ್ರತಿ ಗರಿಯ ನಡುವೆ ದಾರ ಪೋಣಿಸಲು ಒಂದು ತೂತಿರುತ್ತದೆ. ಅದರ ಸುತ್ತ ನಾಲ್ಕು ಬೆರಳಿನಷ್ಟು ಜಾಗ ಬಿಟ್ಟು ಬರೆಯುತ್ತಾರೆ. ಸಾಲು ಓದುತ್ತ ಬಂದ ಕಣ್ಣು ಆ ಖಾಲಿ ಜಾಗವನ್ನು ಹಾರಿ ಆಚೆ ಇಳಿಯಬೇಕು.

"ಅಜ್ಜಾರ!" ಎಂದ. "ಎಲ್ಲಾ ತೂತಿನ ಆಚೀ ಕಡೇನ ಅದಾವ್ರಿ. ತೂತು ದಾಟೂ ಮುಂದ ನನ್ನ ಕಣ್ಣು ಕೆಳಗಿನ ಸಾಲಿಗೆ ಇಳದೈತಿ. ಅಡಿಕಿ ಗಾತ್ರ ಅನ್ನೂದು ಕೆಳಗಿನ ಸಾಲಿನ್ಯಾಗಿನ ಲೇಹ್ಯದ್ದು."

"ಎಷ್ಟ ತಪ್ಪಾದ್ವು?"

"ಏಳು…" ಎಂದವನು ತಡೆದ. "ಏಳಲ್ರಿ. ಒಂದ. ಒಂದ ತಪ್ಪನ್ನ ಏಳು ಸಲ ಮಾಡೀನಿ."

"ಮೊದಲನೇ ಸೋಮವಾರ ಮಸಿ ಹಚ್ಚಿದ್ರ?"

ಗುರುಶಾಂತ ಆರನೆಯ ಗರಿಯ ಮೇಲೆ ಬೆರಳಿಟ್ಟ. ಲೆಕ್ಕ ಅವನಿಗೆ ಗೊತ್ತಿತ್ತು.

ಅಜ್ಜಾರು ಅಂಗಳದಿಂದ ಒಂದು ಜೋಳದ ದಂಟು ತಂದರು. ಉಗುರಿನಿಂದ ಸೀಳಿ ತೆಳ್ಳಗಿನ ಕಡ್ಡಿ ಮಾಡಿ ಹಳೆಯ ಗರಿಯ ಮೇಲೆ, ಓದುವ ಸಾಲಿನ ಕೆಳಗೆ ಅಡ್ಡ ಇಟ್ಟರು. ಈಗ ಕೆಳಗಿನ ಸಾಲು ಮರೆಯಾಯಿತು. ತೂತು ದಾಟಿದ ಕಣ್ಣು ಜಾರಲು ಬೇರೆ ದಾರಿಯೇ ಇರಲಿಲ್ಲ.

"ಇಷ್ಟ ಏನ್ರಿ?"

"ಇಷ್ಟ."

"ಮೊದಲ ದಿನಾನ ಹೇಳಬಾರದಿತ್ತೇನ್ರಿ ಅಜ್ಜಾರ?"

"ನೀ ಎಲ್ಲಿ ಜಾರ್ತೀ ಅಂತ ನನಗೇನು ಕನಸು ಬಿದ್ದಿತ್ತೇನು? ಜಾರಿದ್ದನ್ನ ತೋರ್ಸಿದ್ರ ಹೇಳ್ತಿದ್ದೆ."

ನೀಲವ್ವ ರೊಟ್ಟಿ ಬಡಿಯಲು ಒಳಗೆ ಹೋದ ಮೇಲೆ ಉಳಿದ ಐದು ಗರಿಗಳಿಗೂ ಮಸಿ ಹಚ್ಚಿ ಹೋಲಿಸಿದರು; ಅವು ಮೂಲದಂತೆಯೇ ಇದ್ದವು. ಏಳರಲ್ಲಿ ನಾಲ್ಕು ಗರಿಗಳಿಗೆ ಚುಕ್ಕೆ ಇಟ್ಟು ತಿದ್ದಿದರೆ ಸಾಕಿತ್ತು. ಮದ್ದಿನ ಅಳತೆ ತಪ್ಪಿದ ಮೂರನ್ನು ಹೊಸದಾಗಿಯೇ ಬರೆಯಬೇಕು ಎಂದವನು ಗುರುಶಾಂತನೇ. ನೀಲವ್ವನ ಸೊಸೆ ಅವಸರದಲ್ಲಿ ಚುಕ್ಕೆ ನೋಡದೆ ಓದಿಬಿಟ್ಟರೆ ಏನು ಗತಿ ಎಂದು ಅವನ ಚಿಂತೆ. ಅಜ್ಜಾರು ತಲೆಯಾಡಿಸಿದರು.

ಅವನು ಕಡ್ಡಿ ಇಟ್ಟುಕೊಂಡು ಬರೆದ. ಒಂದೊಂದು ಗರಿ ಮುಗಿದ ಕೂಡಲೇ ಮಸಿ ಹಚ್ಚಿದ. ಎರಡನೆಯದಕ್ಕೆ ಹಚ್ಚಿ ಒರೆಸಿದವನೇ ಕೂಗಿಕೊಂಡ:

"ಅಜ್ಜಾರ! ಇಲ್ಲೊಂದು ಹೊಸಾದು ಸಿಕ್ತ್ರಿ!"

ಅದೆಷ್ಟು ಖುಷಿಯಿಂದ ಕೂಗಿದನೆಂದರೆ, ಒಳಗೆ ರೊಟ್ಟಿ ಬಡಿಯುತ್ತಿದ್ದ ನೀಲವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದಳು.

"ಏನು ಸಿಕ್ತೋ?"

"ತಪ್ಪು ಬೇ."

"ಅಯ್ಯ ನಿನ್ನ! ನಾ ಬಂಗಾರ ಸಿಕ್ತೇನೋ ಅನ್ಕೊಂಡೆ," ಎಂದು ಬೈದು ಒಳಗೆ ಹೋದಳು.

ಮರುದಿನ ಮಧ್ಯಾಹ್ನಕ್ಕೆ ಕಟ್ಟು ಮುಗಿಯಿತು. ಅಂದು ಸಂಜೆಯ ಕೊನೆಯ ದೋಣಿಗೆ ನೀಲವ್ವ ಹೊರಡಬೇಕು. ಅದಕ್ಕೆ ಮೊದಲು ಇಡೀ ಕಟ್ಟನ್ನು ಅವಳಿಗೆ ಓದಿ ಹೇಳು ಎಂದರು ಅಜ್ಜಾರು. ಅವರು ತಮ್ಮ ಮಣೆಯ ಮೇಲೆ ಕೂತರು. ಗುರುಶಾಂತನೂ ನೀಲವ್ವನೂ ನೆಲದ ಮೇಲೆ.

ಗುರುಶಾಂತ ಓದಿದ. ನೀಲವ್ವ ಒಂದೊಂದಕ್ಕೂ ಹೂಂಗುಟ್ಟಿದಳು. "ಖರೇ ಐತಿ." "ನಾನೂ ಹಂಗ ಮಾಡ್ತೀನಿ." ಒಮ್ಮೆ, "ಇದು ನನಗ ಗೊತ್ತಿರಲಿಲ್ಲ ನೋಡು," ಎಂದು ಆ ಗರಿಯನ್ನು ಎರಡು ಸಲ ಓದಿಸಿಕೊಂಡಳು.

ಮೂವತ್ತೆಂಟನೆಯ ಗರಿ ಬಂತು.

"ಹೆರಿಗೆಯಾದ ಬಾಣಂತಿಗೆ ಮೊದಲ ದಿನದಿಂದಲೇ ದಿನಕ್ಕೊಂದು ಅಂಟಿನ ಉಂಡೆ…"

"ನಿಲ್ಲು."

ಗುರುಶಾಂತ ನಿಂತ.

"ಇನ್ನೊಮ್ಮೆ ಓದು."

ಓದಿದ. ನೀಲವ್ವ ಹಣೆ ಬಡಿದುಕೊಂಡಳು.

"ಮೊದಲ ದಿನಾನ ಅಂಟಿನುಂಡಿ ತಿನ್ಸಿದ್ರ ಆಕಿ ಹೊಟ್ಟಿ ಕಲ್ಲಾಗೂದಿಲ್ಲೇನೋ? ಮೊದಲ ತುಪ್ಪ ಅನ್ನ, ಬಿಸಿ ಬಿಸಿ ಸಾರು. ಐದನೇ ದಿನ ದಾಟಿದ ಮ್ಯಾಲ ಉಂಡಿ. ಅದೂ ಒಂದ."

ಗುರುಶಾಂತ ಅವಸರದಿಂದ ಹಳೆಯ ಗರಿ ತೆಗೆದು ನೋಡಿದ. ಅಲ್ಲಿಯೂ ಹಾಗೇ ಇತ್ತು, ಅಕ್ಷರಕ್ಕೆ ಅಕ್ಷರ.

"ಮೂಲದಾಗೂ ಹಿಂಗ ಐತೆಬೇ. ನಾ ತಪ್ಪಿಲ್ಲ."

"ಹಂಗಾರ ಮೂಲ ಬರ್ದಾಂವ ತಪ್ಯಾನ," ಎಂದಳು ನೀಲವ್ವ. "ಯಾವ ಗಂಡಸು ಬರ್ದಾನೋ! ಒಂದ ಬಾಣಂತನ ನೋಡಿದ್ರ ಇದನ್ನ ಬರೀತಿದ್ನೇನು?"

ಗುರುಶಾಂತನಿಗೆ ಆ ಕೈಬರಹ ಗೊತ್ತಿತ್ತು. ವಾರಗಟ್ಟಲೆ ಅದನ್ನೇ ನೋಡುತ್ತಿದ್ದ. ನೀಲವ್ವನನ್ನು ತಡೆಯಲು ಬಾಯಿ ತೆರೆದ.

"ಬೇ, ಅದು…"

"ಬರ್ದಾಂವ ನಾನ ಅದೀನಿ ನೀಲವ್ವಾ," ಎಂದರು ಅಜ್ಜಾರು.

ನೀಲವ್ವ ನಾಲಿಗೆ ಕಚ್ಚಿಕೊಂಡಳು.

ಅಜ್ಜಾರು ಕೈ ಚಾಚಿ ಗರಿ ಇಸಿದುಕೊಂಡರು. ಕಣ್ಣಿಗೆ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

"ನಮ್ಮ ಗುರುಗಳ ಗರಿಯೊಳಗ ಇಲ್ಲೊಂದು ಸಾಲು ಇತ್ತು," ಎಂದರು. "ಐದನೇ ದಿನದ ಮಾತು. ಈಗ ನೆನಪಾತು. ನಾ ಬಿಟ್ಟೀನಿ. ಮೂವತ್ತು ವರ್ಷ ಆತು."

ಅವರ ಮುಖ ಸಣ್ಣದಾಗಿತ್ತು. ಗುರುಶಾಂತ ಅವರನ್ನು ಎಂದೂ ಹಾಗೆ ಕಂಡಿರಲಿಲ್ಲ. ನೋಡಲಾರದೆ ಕಣ್ಣು ತಗ್ಗಿಸಿದ.

"ಇದರ ಪ್ರತಿ ಮೂರೂರಿಗೆ ಹೋಗ್ಯಾವ," ಎಂದರು ಅಜ್ಜಾರು.

"ಆ ಊರಾಗ ಅತ್ತಿದೇರು, ಅವ್ವದೇರು ಇರ್ತಾರ್ರಿ ಅಜ್ಜಾರ," ಎಂದಳು ನೀಲವ್ವ ಮೆಲ್ಲಗೆ. "ಗರಿ ಏನ ಅನ್ಲಿ, ಮೊದಲ ದಿನ ಉಂಡಿ ಕೊಡಾಕ ಅವ್ರು ಬಿಟ್ಟಿರೂದಿಲ್ಲ."

"ಇರ್ತಾರ. ಆದ್ರೂ ಹೋಗಿ ತಿದ್ದಿ ಬರ್ತೀನಿ."

"ನಾ ಹೋಗ್ತೀನ್ರಿ," ಎಂದ ಗುರುಶಾಂತ. "ಮಳಿಯಾಗ ನೀವ್ಯಾಕ…"

"ಬಿಟ್ಟಾಂವ ನಾನು. ನಡ್ಯಾಂವನೂ ನಾನ."

ಆಮೇಲೆ ಅವರು ಆ ಹಳೆಯ ಗರಿಯನ್ನು ಗುರುಶಾಂತನ ಮುಂದೆ ಇಟ್ಟು, ಕಂಠವನ್ನು ಅವನ ಕೈಗೆ ಕೊಟ್ಟರು.

"ಮೊದಲ ದಿನದಿಂದಲೇ ಅನ್ನೂದರ ಮುಂದ, ತುಪ್ಪ ಅನ್ನ, ಬಿಸಿ ಸಾರು, ಐದನೇ ದಿನ ಕಳೆದ ಮೇಲೆ ಅಂತ ಸೇರ್ಸು."

ಗುರುಶಾಂತ ಕಂಠವನ್ನು ಗರಿಗೆ ತಾಗಿಸದೆ ಹಿಡಿದ. "ನಿಮ್ಮ ಗರಿ ಮ್ಯಾಲ ನಾ ತಿದ್ದೂದು ಹೆಂಗ್ರಿ ಅಜ್ಜಾರ?"

"ಸಣ್ಣ ಅಕ್ಷರದಾಗ."

ಅವನು ಸಾಲಿನ ಮೇಲೆ ಸಣ್ಣ ಅಕ್ಷರದಲ್ಲಿ ಬರೆದ, ನೀಲವ್ವನ ಹೊಸ ಗರಿಯಲ್ಲೂ ಅದನ್ನೇ ಸೇರಿಸಿದ. ಮಸಿ ಸವರಿ ಒರೆಸಿದ. ಹಳೆಯ ಕಂದು ಗರಿಯ ಮೇಲೆ ಹೊಸ ಅಕ್ಷರ ಎದ್ದು ಕಂಡಿತು. ನೀಲವ್ವ ಬಗ್ಗಿ ನೋಡಿ, ಓದಲು ಬಾರದಿದ್ದರೂ, ಸರಿಯಾಯಿತು ಎಂಬಂತೆ ತಲೆಯಾಡಿಸಿದಳು.

ಅಜ್ಜಾರು ಮೊಣಕಾಲಿಗೆ ಕೈಯೂರಿ ಮಣೆಯಿಂದ ಎದ್ದರು. ನಾಲ್ಕು ಹೆಜ್ಜೆ ನಡೆದು ಬಂದು ನೀಲವ್ವನ ಪಕ್ಕದಲ್ಲಿ, ಗುರುಶಾಂತನ ಎದುರಿಗೆ, ನೆಲದ ಮೇಲೆ ಚಕ್ಕಂಬಕ್ಕಲ ಹಾಕಿ ಕೂತರು.

"ಮುಂದಿಂದು ಓದಪಾ," ಎಂದರು. "ಇನ್ನೂ ಎಲ್ಲೆಲ್ಲಿ ತಪ್ಪು ಮಾಡೀನಿ, ನನಗೂ ಗೊತ್ತಾಗ್ಲಿ."